ಮೇಡಂ ಹೇರ್‌ಗೆ ಒಂದು ಕುಂಡ

ಒಂಬತ್ತು ವರ್ಷದ ಹುಡುಗಿಗೆ ಬೆಳಗಿನ ಹೊತ್ತು ಎರಡು ಜಡೆ ಹಾಕುವುದು ಸರ್ಕಾರಿ ಕೆಲಸಕ್ಕಿಂತ ಕಷ್ಟ. ಸರ್ಕಾರಿ ಕೆಲಸವನ್ನು ನಾಳೆಗೆ ಹಾಕಬಹುದು. ಜಡೆಯನ್ನು ಇವತ್ತೇ ಹಾಕಬೇಕು.

ಇದನ್ನು ಮೂರು ವರ್ಷದ ಅನುಭವದ ಮೇಲೆ ಹೇಳುತ್ತಿದ್ದೇನೆ. ಆಗ ನಾನು ಚನ್ನಗಿರಿಯಲ್ಲಿ ಶಿಕ್ಷಣ ಇಲಾಖೆಯ ಗುಮಾಸ್ತ. ನನ್ನ ಹೆಂಡತಿ ನಿರ್ಮಲ ಜಗಳೂರಿನಲ್ಲಿ ಅದೇ ಇಲಾಖೆಯ ಟೀಚರು. ನಡುವೆ ದಾವಣಗೆರೆ, ಎರಡು ಬಸ್ಸು ಮತ್ತು ಒಂದು ಜಿಲ್ಲೆಯ ಗಡಿ. ಆಕೆಗೆ ಅಲ್ಲಿ ಇನ್ನೊಬ್ಬ ಟೀಚರಮ್ಮನ ಜೊತೆ ಹಂಚಿಕೊಂಡ ಒಂದೇ ಕೋಣೆ ಸಿಕ್ಕಿದ್ದರಿಂದ ಮಗಳು ದಾಕ್ಷಾಯಿಣಿ ನನ್ನ ಪಾಲಿಗೆ ಬಂದಳು. ಬೆಳಗ್ಗೆ ಐದಕ್ಕೆ ಎದ್ದು ಒಲೆ ಹಚ್ಚಿ, ಅನ್ನ ಇಳಿಸಿ, ಅವಳ ತಲೆ ಬಾಚಿ, ಶಾಲೆಗೆ ಕಳಿಸಿ, ಕಚೇರಿಗೆ ಹೋಗಿ ಕುಳಿತಾಗ ನನಗೆ ಸಂಜೆಯಾದಂತೆ ಅನ್ನಿಸುತ್ತಿತ್ತು. ನಾನು ಹಾಕಿದ ಜಡೆಗಳಲ್ಲಿ ಒಂದು ಹೊನ್ನಾಳಿಯ ಕಡೆ ಹೊರಟರೆ ಇನ್ನೊಂದು ಜಗಳೂರಿನ ಕಡೆ ಹೊರಡುತ್ತಿತ್ತು. ದಾಕ್ಷಿ ಕನ್ನಡಿ ನೋಡಿ ನಿಟ್ಟುಸಿರು ಬಿಟ್ಟು ಚೀಲ ಹೆಗಲಿಗೇರಿಸುತ್ತಿದ್ದಳು. ಆ ನಿಟ್ಟುಸಿರು ಅವಳ ಅಮ್ಮನದೇ.

ನಿರ್ಮಲಳ ವರ್ಗಕ್ಕೆ ಅರ್ಜಿ ಬರೆದವನು ನಾನೇ. ಕಚೇರಿಯಲ್ಲಿ ಅರ್ಜಿ ಬರೆಯುವುದರಲ್ಲಿ ನನ್ನ ಕೈ ಪಳಗಿದ್ದು ಎಂದು ಹೆಸರಿತ್ತು. ಹನ್ನೊಂದು ಸಲ ತಿದ್ದಿ ಬರೆದೆ. ‘ಪತಿ ಪತ್ನಿಯರಿಬ್ಬರೂ ಒಂದೇ ಸ್ಥಳದಲ್ಲಿ ಸೇವೆ ಸಲ್ಲಿಸಲು ಅನುವು ಮಾಡಿಕೊಡಬೇಕಾಗಿ’ ಎಂಬ ಸಾಲು ಬಂದಾಗ ನನಗೇ ಕಣ್ಣು ತುಂಬಿತ್ತು. ಆ ಅರ್ಜಿ ನಮ್ಮ ಸಾಹೇಬರ ಮೇಜಿನ ಮೇಲೆ ಹಸಿರು ಗಾಜಿನ ಗುಂಡಿನ ಕೆಳಗೆ ಐದು ತಿಂಗಳಿಂದ ಕೂತಿತ್ತು. ಅವರು ಒಂದು ಶಿಫಾರಸು ಬರೆದು ಸಹಿ ಹಾಕಿದರೆ ಅದು ಮೇಲಕ್ಕೆ ಹೋಗುತ್ತಿತ್ತು. ಗುಂಡು ಎತ್ತುವವರು ಇರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ಮಾರ್ಚ್ ಮೊದಲ ವಾರ ಸಾಹೇಬರ ಹೆಂಡತಿ ಶಾಂತಾದೇವಿಯವರು ನನ್ನನ್ನು ಮನೆಗೆ ಕರೆಸಿದರು. ತಂಗಿಯ ಬಾಣಂತನಕ್ಕೆಂದು ಒಂದು ತಿಂಗಳು ಮೈಸೂರಿಗೆ ಹೊರಟಿದ್ದರು. ಅವರ ಕೈಯಲ್ಲಿ ಒಂದು ಮಣ್ಣಿನ ಕುಂಡ, ಅದರಲ್ಲೊಂದು ಗಿಡ. ಕಪ್ಪು ತಂತಿಯಂಥ ಕಡ್ಡಿಗಳು, ಕೊತ್ತಂಬರಿಗಿಂತ ತೆಳುವಾದ ಎಲೆಗಳು. ನಾನು ಹತ್ತಿರ ನಿಂತು ಉಸಿರು ಬಿಟ್ಟದ್ದಕ್ಕೇ ಗಿಡ ಇಡಿಯಾಗಿ ನಡುಗಿತು.

“ವಿರೂಪಾಕ್ಷಪ್ಪನವರೇ, ಹೆಣ್ಣು ಮಗುವಿನ ತಲೆ ಬಾಚಿ ಜಡೆ ಹಾಕೋ ಗಂಡಸು ಇಡೀ ಕಚೇರಿಯಲ್ಲಿ ನೀವೊಬ್ಬರೇ ಅಂತ ಕೇಳಿದ್ದೀನಿ. ನಿಮ್ಮ ಕೈ ಮೃದುವಾಗಿರಬೇಕು. ಇದನ್ನ ನಿಮ್ಮ ಮೇಲೆ ಬಿಟ್ಟು ಹೋಗ್ತಿದ್ದೀನಿ.”

ನನ್ನ ಕೈಯ ಮೃದುತ್ವದ ಬಗ್ಗೆ ದಾಕ್ಷಿಯ ಅಭಿಪ್ರಾಯ ಬೇರೆಯಿತ್ತು. ಆದರೆ ಅವಳನ್ನು ಯಾರೂ ಕೇಳಲಿಲ್ಲ.

ಗಿಡದ ಹೆಸರು ಕೇಳಿದೆ. ಅವರು ಹೇಳಿದ್ದು ‘ಮೇಡನ್ ಹೇರ್’. ಅಂದರೆ ಕನ್ಯೆಯ ಕೂದಲು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಸರ್ಕಾರಿ ನೌಕರನ ಕಿವಿಗೆ ಕನ್ಯೆ ಕೇಳಿಸುವುದಿಲ್ಲ, ಮೇಡಂ ಕೇಳಿಸುತ್ತಾರೆ. ನನಗೆ ಕೇಳಿಸಿದ್ದು ‘ಮೇಡಂ ಹೇರ್’. ಶಾಂತಾದೇವಿಯವರಿಗೆ ಮೊಣಕಾಲು ಮುಟ್ಟುವ ಜಡೆಯಿತ್ತು. ತಮ್ಮ ಕೂದಲಿನ ಹೆಸರನ್ನು ತಮ್ಮ ಗಿಡಕ್ಕೆ ಇಟ್ಟುಕೊಂಡಿದ್ದಾರೆ, ದೊಡ್ಡವರ ಮನೆಯಲ್ಲಿ ಹೀಗೂ ಇರಬಹುದು ಎಂದುಕೊಂಡೆ.

ಅವರು ಒಂದು ಚೀಟಿಯನ್ನೂ ಕೊಟ್ಟರು. ಬಿಸಿಲು ಕೂಡದು. ಕತ್ತಲೆಯೂ ಕೂಡದು. ಒಣಗಬಾರದು. ನೀರು ನಿಲ್ಲಬಾರದು. ಗಾಳಿ ಬೀಸಬಾರದು. ಉಸಿರು ಕಟ್ಟಬಾರದು. ಸುಮ್ಮಸುಮ್ಮನೆ ಮುಟ್ಟಬಾರದು. ಇಷ್ಟು ನಿಬಂಧನೆಗಳ ನಡುವೆ ಬದುಕುವುದು ನನಗೆ ಹೊಸದಲ್ಲ, ಹಾಗಾಗಿ ಗಿಡದ ಮೇಲೆ ಸ್ವಲ್ಪ ಕನಿಕರವೂ ಬಂತು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು: ಬೇರು ಕುಂಡದ ತುಂಬ ಸುತ್ತಿಕೊಂಡಿದೆ, ಒಂದಂಗುಲ ದೊಡ್ಡ ಕುಂಡಕ್ಕೆ ಬದಲಾಯಿಸಬೇಕು.

“ನಾನು ಬರೋ ಹೊತ್ತಿಗೆ ಹೊಸ ಕುಂಡದಲ್ಲಿ ನಳನಳಿಸ್ತಿರಬೇಕು,” ಅಂದರು. “ನಿಮ್ಮ ಮನೆಯವರ ಅರ್ಜಿ ವಿಷಯ ನಂಗೆ ಗೊತ್ತು. ಬಂದ ಕೂಡಲೇ ನಾನೇ ಅವರ ಕೈಲಿ ಸಹಿ ಹಾಕಿಸ್ತೀನಿ.”

ಗೇಟಿನವರೆಗೂ ಕುಂಡ ಹೊತ್ತು ತಂದ ಪ್ಯೂನ್ ನನ್ನೇಸಾಬ ನನ್ನ ಕೈಗೆ ಅದನ್ನು ದಾಟಿಸುತ್ತ, “ಹುಷಾರು ಸಾರ್. ಹ್ವಾದ ವರ್ಷ ಇಂಥದೇ ಒಂದು ಸತ್ತಾಗ ಮೇಡಂ ಎಲ್ಡು ದಿನ ಊಟ ಬಿಟ್ಟಿದ್ರು. ಸಾಹೇಬ್ರು ಎಲ್ಡು ದಿನ ಸೈನು ಬಿಟ್ಟಿದ್ರು,” ಅಂದ.

ನಮ್ಮ ಮನೆಯಲ್ಲಿ ಬಿಸಿಲೂ ಅಲ್ಲದ ಕತ್ತಲೆಯೂ ಅಲ್ಲದ, ಗಾಳಿಯಿಲ್ಲದ, ತೇವವಿರುವ ಜಾಗ ಒಂದೇ. ಬಚ್ಚಲುಮನೆ. ಮಾಡಿನಲ್ಲಿ ಒಂದು ಗಾಜಿನ ಹೆಂಚು, ಕೆಳಗೆ ಹಂಡೆ, ಹಂಡೆಯ ಪಕ್ಕದ ಕಟ್ಟೆಯ ಮೇಲೆ ಮೇಡಂ ಹೇರ್. ಸೋಪಿನ ನೀರು ಹಾರಬಾರದೆಂದು ನಾನು ಹಿತ್ತಲಿನಲ್ಲಿ, ತೆಂಗಿನ ಮರದ ಬುಡದಲ್ಲಿ ಸ್ನಾನ ಮಾಡತೊಡಗಿದೆ. ಮೂರನೇ ದಿನ ಪಕ್ಕದ ಮನೆಯ ಗಾದ್ರಮ್ಮ ಕಾಂಪೌಂಡಿನ ಮೇಲೆ ಗದ್ದವಿಟ್ಟು ನಿಂತಳು. ನಮ್ಮ ಬೀದಿಯ ಸುದ್ದಿಗಳೆಲ್ಲ ಮೊದಲು ಆ ಕಾಂಪೌಂಡಿನ ಮೇಲೆ ಹಾಜರಿ ಹಾಕಿ ಆಮೇಲೆ ಮುಂದಕ್ಕೆ ಹೋಗುತ್ತಿದ್ದವು.

“ಯಾಕ್ರೀ, ಬಚ್ಚಲು ಬಿಟ್ಟು ಬಯಲಾಗೆ ಮೈ ತೊಳಿಯಾಕೆ ಹತ್ತೀರಿ?”

“ಬಚ್ಚಲಾಗೆ ಮೇಡಂ ಹೇರ್ ಐತ್ರೀ.”

“ಎಂಥಾ ಹೇರು? ಅಡಿಕೆ ಹೇರಾ?”

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಐವತ್ತೆರಡು ಅಂಕ ತೆಗೆದವನು ನಾನು. ಮೈಮೇಲೆ ಅರ್ಧ ಸೋಪು ಇದ್ದರೂ ತಿಳಿಯದವರಿಗೆ ತಿಳಿಸುವ ಆಸೆ ಬಂತು.

“ಹೇರ್ ಅಂದ್ರೆ ಇಂಗ್ಲಿಷಿನಾಗೆ ಕೂದ್ಲು ಕಣ್ರೀ. ಸಾಹೇಬ್ರ ಮನೆಯೋರ್ದು. ನೋಡಿಕೊಳ್ರಿ ಅಂತ ನನ್ನ ಹತ್ರ ಕೊಟ್ಟು ಮೈಸೂರಿಗೆ ಹೋಗ್ಯಾರೆ. ಯಾಕೋ ದಿನಾ ಒಂದು ಹಿಡಿ ಉದುರ್ತಾ ಐತೆ.”

ಗಾದ್ರಮ್ಮನ ಗದ್ದ ಕಾಂಪೌಂಡಿನಿಂದ ಮೇಲೆದ್ದಿತು. “ಬುಡದ್ದೇ ತೊಂದ್ರೆ ಇರಬೇಕು,” ಅಂದಳು.

“ಹೌದ್ರೀ, ಬೇರಿಂದೇ ತೊಂದ್ರೆ ಅಂತ ಅವರೇ ಬರೆದು ಕೊಟ್ಟಾರೆ.”

ಉಳಿದದ್ದನ್ನು ವಿವರಿಸಲು ಸಮಯವಿರಲಿಲ್ಲ. ಒಳಗೆ ಅನ್ನ ಸೀಯುವ ವಾಸನೆ ಬರುತ್ತಿತ್ತು.

ಆ ದಿನವೇ ಸಂಜೆ ಕುಂಡ ತರಲು ಗೌಸ್‌ಪೀರನ ಅಂಗಡಿಗೆ ಹೋದೆ. ಒಳಗೆ ಅಲ್ಯೂಮಿನಿಯಂ, ಸ್ಟೀಲು. ಹೊರಗೆ ಮಣ್ಣಿನ ಮಡಕೆ, ಕುಂಡ. ದೊಡ್ಡ ಊರಿನವರಿಗೆ ತಿಳಿಯಲಿಕ್ಕಿಲ್ಲ. ಆಗ ನಮ್ಮ ಕಡೆಯ ಹೆಂಗಸರು ಬಾಚಿದಾಗ ಉದುರಿದ ಕೂದಲನ್ನು ಸುತ್ತಿ ಗೋಡೆಯ ಸಂದಿಯಲ್ಲೋ ಡಬ್ಬಿಯಲ್ಲೋ ಕೂಡಿಡುತ್ತಿದ್ದರು. ವರ್ಷಕ್ಕೊಮ್ಮೆ ಅದನ್ನು ಗೌಸ್‌ಪೀರನಿಗೆ ಕೊಟ್ಟರೆ ಅವನು ತಕ್ಕಡಿಯಲ್ಲಿ ತೂಗಿ ಒಂದು ಲೋಟವನ್ನೋ ಸೌಟನ್ನೋ ಕೊಡುತ್ತಿದ್ದ. ಕೂದಲಿಗೆ ಪಾತ್ರೆ. ಇದು ಊರಿಗೆಲ್ಲ ಗೊತ್ತಿದ್ದ ವ್ಯವಹಾರ. ನನಗೂ ಗೊತ್ತಿತ್ತು. ಆದರೆ ಬೆಳಗ್ಗೆ ಐದರಿಂದ ಎದ್ದಿದ್ದ ತಲೆಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

“ಗೌಸ್‌ಪೀರ್, ಮೇಡಂ ಹೇರ್‌ಗೆ ಒಂದು ಕುಂಡ ಬೇಕಿತ್ತು,” ಅಂದೆ.

ಅವನು ಎದ್ದು ನಿಂತ. “ಯಾವ ಮೇಡಂ ಸಾರ್?”

“ನಮ್ಮ ಸಾಹೇಬ್ರ ಮೇಡಂ.”

“ಹೇರ್ ಅಂದ್ರೆ, ಇದಾ?” ಎಂದು ತನ್ನ ಗಡ್ಡ ಎಳೆದು ತೋರಿಸಿದ.

“ಅದೇ. ಭಾಳ ನಾಜೂಕು. ಸಣ್ಣದು ಬ್ಯಾಡ, ದೊಡ್ಡದೂ ಬ್ಯಾಡ.”

ಗೌಸ್‌ಪೀರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಎಷ್ಟೈತೆ ಸಾರ್? ತಂದೀರಾ?”

“ಎಲ್ಲಾನೂ ಹೊತ್ಕೊಂಡು ತರಾಕೆ ಆಗ್ತದಾ? ಮನ್ಯಾಗೈತೆ. ಹಿಂಗೆ, ಇಷ್ಟು ದಪ್ಪ ತುಂಬ್ಕೊಂಡೈತೆ,” ಎಂದು ಎರಡು ಕೈಯಲ್ಲಿ ಕುಂಬಳಕಾಯಿಯ ಗಾತ್ರ ತೋರಿಸಿದೆ.

“ಯಾ ಅಲ್ಲಾ,” ಅಂದ ಗೌಸ್‌ಪೀರ್. “ಪೂರಾ ಬಂದುಬಿಟ್ಟೈತಾ?”

“ಬೇರು ಸಮೇತ ಕಿತ್ತು ತೆಗೀಬೇಕು. ಈ ಶನಿವಾರ ನಾನೇ ತೆಗೀತೀನಿ.”

ಅವನು ಒಂದು ಒಳ್ಳೆಯ ಕುಂಡ ಆರಿಸಿ, ಬೆರಳಿನಿಂದ ತಟ್ಟಿ ಸದ್ದು ನೋಡಿ, ಕಾಗದದಲ್ಲಿ ಸುತ್ತಿ ಕೊಟ್ಟ. “ಇದನ್ನ ಒಯ್ರಿ ಸಾರ್. ಆದ್ರೆ ಆ ಮಾಲು ಮಾತ್ರ ನಮ್ಮ ಅಂಗಡಿಗೆ ತರಬ್ಯಾಡ್ರಿ. ಸಾಹೇಬ್ರಿಗೆ ಗೊತ್ತಾದ್ರೆ ನನ್ನ ಲೈಸೆನ್ಸು ಹೋಗ್ತದೆ.”

ಗಿಡಕ್ಕೂ ಲೈಸೆನ್ಸಿಗೂ ಏನು ಸಂಬಂಧ ಎಂದು ಯೋಚಿಸುತ್ತ ಬಂದೆ. ಮನೆಗೆ ಬಂದು ದಾಕ್ಷಿಯ ಮಗ್ಗಿ ಒಪ್ಪಿಸಿಕೊಳ್ಳುವಷ್ಟರಲ್ಲಿ ಮರೆತೆ.

ಎರಡು ಸುದ್ದಿಗಳು ಬೇರೆ ಬೇರೆ ಬೀದಿಯಿಂದ ಹೊರಟು ಬಸ್‌ಸ್ಟ್ಯಾಂಡಿನ ಹತ್ತಿರ ಸೇರಿದ್ದು ಯಾವಾಗಲೋ ನಾನರಿಯೆ. ಗುರುವಾರ ಕಚೇರಿಗೆ ಬಂದಾಗ ನನ್ನೇಸಾಬ ನನ್ನನ್ನು ಹಳೆಯ ಫೈಲುಗಳ ಕೋಣೆಗೆ ಕರೆದೊಯ್ದ.

“ಸಾರ್, ಮೇಡಂಗೆ ತಲೆ ಪೂರಾ ಬೋಳಾಗಿ ಮೈಸೂರಿಗೆ ಔಷಧಿಗೆ ಹೋಗ್ಯಾರಂತೆ. ಹೌದಾ?”

“ಯಾರು ಹೇಳಿದ್ರು?”

“ಊರು ಹೇಳ್ತದೆ. ಉದುರಿದ್ದನ್ನ ನೀವು ಪಾತ್ರೆಗೆ ಹಾಕಾಕೆ ಹೋಗಿದ್ರಂತೆ. ನಾನು ನಂಬಲಿಲ್ಲ ಸಾರ್. ಆದ್ರೂ ಒಂದು ಮಾತು, ಯಾವ ಪಾತ್ರೆ ಸಿಕ್ತು?”

ನಾನು ಪರಿಪರಿಯಾಗಿ ವಿವರಿಸಿದೆ. ಅವನು ತಲೆಯಾಡಿಸಿದ. “ಗಿಡ ಅಂತ ನನಗೆ ಗೊತ್ತು ಸಾರ್, ನಾನೇ ಹೊತ್ತು ತಂದಿದ್ದು. ಆದ್ರೆ ಗಿಡ ಅಂದ್ರೆ ಈಗ ಯಾರೂ ಕೇಳಂಗಿಲ್ಲ. ಸಾಹೇಬ್ರ ಮನೆ ಜಗಲಿ ನೋಡಿ ಬರ್ರಿ.”

ಜಗಲಿಯನ್ನು ನೋಡಲು ಹೋಗಬೇಕಾಗಲಿಲ್ಲ. ಸಾಹೇಬರೇ ಜಗಲಿಯನ್ನು ಕಚೇರಿಗೆ ತರಿಸಿದ್ದರು. ಮೇಜಿನ ಮೇಲೆ ಒಂಬತ್ತು ಸೀಸೆಗಳು. ಉಬ್ರಾಣಿಯ ಹೆಡ್‌ಮಾಸ್ತರರು ಕಳಿಸಿದ ಗರಗದ ಸೊಪ್ಪಿನ ಎಣ್ಣೆ, ತ್ಯಾವಣಿಗೆಯ ಟೀಚರಮ್ಮನೊಬ್ಬರು ಕಾಯಿಸಿದ ದಾಸವಾಳದ ಎಣ್ಣೆ, ಹೆಸರು ಬರೆಯದ ಒಂದು ಮೆಂತ್ಯದ ಗಂಟು. ವರ್ಗದ ಕಾಲ ಹತ್ತಿರ ಬರುತ್ತಿತ್ತು. ಸಾಹೇಬರ ಮನೆಯ ಕಷ್ಟಕ್ಕೆ ಮರುಗುವವರು ಇಡೀ ತಾಲೂಕಿನಲ್ಲಿ ಎದ್ದಿದ್ದರು.

ಇಲ್ಲಿ ಒಂದು ಸಂಗತಿ ಹೇಳಬೇಕು. ಸಾಹೇಬರ ತಲೆಯಲ್ಲಿ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋಗುವ ಸಣ್ಣ ಬೇಲಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಬಯಲು. ಎಣ್ಣೆ ಕಳಿಸಿದವರು ಸಂಕೋಚದಿಂದ ಯಾರ ತಲೆಗೆ ಎಂದು ಬರೆದಿರಲಿಲ್ಲ.

“ವಿರೂಪಾಕ್ಷಪ್ಪ, ಏನಿದು?”

“ಎಣ್ಣೆ ಸಾರ್.”

“ಯಾವ ಎಣ್ಣೆ?”

“ತಲೆಗೆ ಹಚ್ಚೋದು ಸಾರ್.”

“ಯಾರ ತಲೆಗೆ?”

ನನ್ನ ಕಣ್ಣು ಆ ಕ್ಷಣದಲ್ಲಿ ಎಲ್ಲಿಗೆ ಹೋಗಬಾರದಿತ್ತೋ ಅಲ್ಲಿಗೇ ಹೋಯಿತು. ತಕ್ಷಣ ಇಳಿಸಿಕೊಂಡೆ. ಆದರೆ ಅಧಿಕಾರಿಗಳು ಇಂಥದ್ದನ್ನು ಗಮನಿಸುತ್ತಾರೆ.

“ಇದನ್ನೆಲ್ಲ ಯಾರು ಶುರು ಮಾಡಿದ್ದು ಅಂತ ವಿಚಾರಿಸಿದೆ. ಎಲ್ಲರೂ ನಿಮ್ಮ ಹೆಸರು ಹೇಳ್ತಾರೆ. ಇದೂ ನಿಮ್ಮದೇ ಬರವಣಿಗೆ ತಾನೆ?”

ಅವರ ಕೈಯಲ್ಲಿ ನನ್ನ ರಜೆ ಅರ್ಜಿಯಿತ್ತು. ಹಿಂದಿನ ದಿನವೇ ಕೊಟ್ಟಿದ್ದೆ. ‘ಮಾನ್ಯರೇ, ಮೇಡಂ ಹೇರ್ ಅನ್ನು ಬೇರು ಸಹಿತ ಕಿತ್ತು ಬೇರೆಡೆಗೆ ವರ್ಗಾಯಿಸಬೇಕಾಗಿರುವುದರಿಂದ ಶನಿವಾರ ಅರ್ಧ ದಿನ ರಜೆ ದಯಪಾಲಿಸಬೇಕಾಗಿ ಪ್ರಾರ್ಥನೆ. ಕೂದಲಿನ ವಿಷಯವಾದ್ದರಿಂದ ತಾವು ಇದರ ಮಹತ್ವವನ್ನು ಬಲ್ಲಿರಿ.’ ಕೊನೆಯ ಸಾಲು ಬರೆದಾಗ ಅದು ಬಹಳ ವಿನಯದ ಸಾಲು ಎಂದು ನಾನು ತಿಳಿದಿದ್ದೆ.

“ಗಿಡ ಸಾರ್ ಅದು. ಮೇಡಂ ಕೊಟ್ಟ ಗಿಡ,” ಅಂದೆ.

“ಗಿಡಕ್ಕೆ ಗಿಡ ಅಂತ ಬರೆಯೋದಕ್ಕೆ ನಿಮಗೇನು ಕಷ್ಟ?”

ಹದಿನಾಲ್ಕು ವರ್ಷದ ಸೇವೆಯಲ್ಲಿ ನನ್ನ ಭಾಷೆಯ ಬಗ್ಗೆ ಬಂದ ಮೊದಲ ಆಕ್ಷೇಪಣೆ ಅದು. ಅವರು ಹಸಿರು ಗಾಜಿನ ಗುಂಡು ಎತ್ತಿದರು. ಐದು ತಿಂಗಳಲ್ಲಿ ಮೊದಲ ಸಲ. ನಿರ್ಮಲಳ ವರ್ಗದ ಅರ್ಜಿ ತೆಗೆದು ಕೆಳಗಿನ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ರಜೆ ಇಲ್ಲ ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಉಳಿದ ದಾರಿ ಒಂದೇ. ಮೇಡಂ ಬರುವ ಹೊತ್ತಿಗೆ ಗಿಡ ನಳನಳಿಸಬೇಕು. ಆ ಡ್ರಾಯರಿನ ಬೀಗ ಅವರ ಮಾತಿಗಲ್ಲದೆ ಬೇರೆ ಯಾರ ಮಾತಿಗೂ ತೆರೆಯುವಂತಿರಲಿಲ್ಲ.

ಭಾನುವಾರ ಬೆಳಗ್ಗೆ ಆರಕ್ಕೆ ಬಚ್ಚಲುಮನೆಯಲ್ಲಿ ಕುಳಿತೆ. ಹೊಸ ಕುಂಡವನ್ನು ರಾತ್ರಿಯೆಲ್ಲ ನೀರಿನಲ್ಲಿ ಅದ್ದಿಟ್ಟಿದ್ದೆ, ಒಣ ಮಣ್ಣು ಗಿಡದ ನೀರನ್ನು ಹೀರಬಾರದಲ್ಲ. ತಳದ ತೂತಿಗೆ ಹೆಂಚಿನ ಚೂರು, ಅದರ ಮೇಲೆ ಒಲೆಯ ಇದ್ದಿಲಿನ ಹರಳು, ಆಮೇಲೆ ಹುಣಸೆ ಮರದ ಬುಡದಿಂದ ತಂದ ಕೊಳೆತ ಎಲೆಯ ಮಣ್ಣು, ಮರಳು. ಗಿಡದ ಬುಡವನ್ನು ಎರಡು ಬೆರಳ ನಡುವೆ ಹಿಡಿದು ಹಳೆಯ ಕುಂಡವನ್ನು ಬೋರಲು ಮಾಡಿ ಕಟ್ಟೆಯ ಅಂಚಿಗೆ ತಟ್ಟಿದೆ. ಬರಲಿಲ್ಲ. ಮೂರು ವರ್ಷ ಒಂದೇ ಕಡೆ ಕುಳಿತ ನೌಕರನಂತೆ ಅಂಟಿಕೊಂಡಿತ್ತು. ಕೊನೆಗೆ ಚಮಚದ ಹಿಡಿಯನ್ನು ಸುತ್ತಲೂ ಆಡಿಸಿದ ಮೇಲೆ ಜಾರಿ ಬಂತು. ಮಣ್ಣೇ ಇರಲಿಲ್ಲ. ಕಪ್ಪು ಬೇರು ಬೇರನ್ನೇ ಸುತ್ತಿಕೊಂಡು ಕುಂಡದ ಆಕಾರದಲ್ಲೇ ಗಟ್ಟಿಯಾಗಿತ್ತು. ಸಿಕ್ಕು ಬಿಡಿಸುವುದು ನನಗೆ ಅಭ್ಯಾಸವಿದ್ದ ಕೆಲಸ. ತುದಿಯಿಂದ ಶುರು ಮಾಡಿ ಬುಡದ ಕಡೆ ಬರಬೇಕು. ಹಾಗೇ ಬಿಡಿಸಿದೆ. ದಾಕ್ಷಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದಳು.

“ಅಪ್ಪಾ, ಅದ್ಕೆ ನೋವಾಗಲ್ವಾ?”

“ಇಲ್ಲ.”

“ನನಗೆ ಮಾತ್ರ ಹಂಗೆ ನಿಧಾನ ಬಿಡಿಸಲ್ಲ.”

ಗಿಡವನ್ನು ಹೊಸ ಕುಂಡದಲ್ಲಿ ಕೂರಿಸಿ, ಬುಡ ಮುಚ್ಚದಂತೆ ಮಣ್ಣು ತುಂಬಿ, ನೀರಿನ ತಟ್ಟೆಯಲ್ಲಿಟ್ಟೆ. ಗಿಡ ಸ್ವಲ್ಪ ಬಾಡಿತ್ತು, ಅಷ್ಟೆ. ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಹಳೆಯ ಜಾಗದಿಂದ ಬಿಡುಗಡೆಯಾಗಿತ್ತು, ಹೊಸ ಜಾಗದಲ್ಲಿ ಹಾಜರಾಗಲು ನಾಲ್ಕು ದಿನ ಬೇಕಿತ್ತು. ನಾನು ನಡುಮನೆಯಲ್ಲಿ ಚಾಪೆಯ ಮೇಲೆ ಸುಮ್ಮನೆ ಅಡ್ಡಾದೆ. ಬರೀ ಅಡ್ಡಾಗುವ ಉದ್ದೇಶವಿತ್ತು.

ಎಚ್ಚರವಾದಾಗ ತಲೆಯ ಹತ್ತಿರ ಒಂದು ಚೀಲ, ಚೀಲದ ಪಕ್ಕ ಎರಡು ಚಪ್ಪಲಿ, ಚಪ್ಪಲಿಯ ಮೇಲೆ ನಿರ್ಮಲ. ಜಗಳೂರಿನಿಂದ ಮೊದಲ ಬಸ್ಸಿಗೆ ಬಂದಿದ್ದಳು. ತಿಂಗಳ ಕೊನೆಗಲ್ಲದೆ ಬರದವಳು.

“ಎಲ್ಲೈತೆ?” ಅಂದಳು.

“ಏನು?”

ಅವಳು ಸೆರಗಿನ ಗಂಟಿನಿಂದ ಒಂದು ಇನ್‌ಲ್ಯಾಂಡ್ ಲೆಟರ್ ತೆಗೆದು ಟೀಚರ್ ದನಿಯಲ್ಲಿ ಓದಿದಳು. “‘ಅಮ್ಮಾ, ನಾವು ಕ್ಷೇಮ. ಅಪ್ಪ ಬಚ್ಚಲುಮನೆಯಲ್ಲಿ ಮೇಡಂ ಕೂದಲು ಇಟ್ಟುಕೊಂಡಿದ್ದಾರೆ. ಬೆಳಗ್ಗೆ ಎದ್ದು ಮೊದಲು ಅದನ್ನು ನೋಡಿ ಆಮೇಲೆ ನನ್ನ ತಲೆ ಬಾಚುತ್ತಾರೆ. ನಾನು ಮುಟ್ಟಿದರೆ ಬೈಯುತ್ತಾರೆ. ಅದು ಉದುರಿದರೆ ಅಪ್ಪ ಊಟ ಮಾಡುವುದಿಲ್ಲ. ಇಂತಿ ನಿನ್ನ ಪ್ರೀತಿಯ ದಾಕ್ಷಾಯಿಣಿ.’ ಎಲ್ಡು ಬಸ್ಸಿನಾಗೆ ಇದನ್ನ ಆರು ಸಲ ಓದೀನಿ. ಎಲ್ಲೂ ಕಾಗುಣಿತ ತಪ್ಪಿಲ್ಲ. ಈಗ ಹೇಳ್ರಿ.”

ಹೇಳುವುದಕ್ಕಿಂತ ತೋರಿಸುವುದು ಸುಲಭವೆಂದು ಬಚ್ಚಲುಮನೆಯ ಬಾಗಿಲು ತೆಗೆದೆ.

ದಾಕ್ಷಿ ಕಟ್ಟೆಯ ಮುಂದೆ ಕುಳಿತಿದ್ದಳು. ಕೈಯಲ್ಲಿ ಬಾಚಣಿಗೆ. ಪಕ್ಕದಲ್ಲಿ ಗಾದ್ರಮ್ಮ ಕೊಟ್ಟುಹೋಗಿದ್ದ ಗರಗದ ಸೊಪ್ಪಿನ ಎಣ್ಣೆಯ ಬಟ್ಟಲು. ಗಿಡಕ್ಕೆ ನಡು ಬೈತಲೆ ತೆಗೆದು, ಎರಡು ಭಾಗ ಮಾಡಿ, ಎರಡಕ್ಕೂ ಕೆಂಪು ಟೇಪು ಕಟ್ಟಿಯಾಗಿತ್ತು. ಎಲೆಗಳು ಎಣ್ಣೆಯಲ್ಲಿ ಅಂಟಿ ಕಪ್ಪಾಗಿ ಜೋತಿದ್ದವು. ಅರ್ಧಕ್ಕಿಂತ ಹೆಚ್ಚು ಅವಳ ಲಂಗದ ಮೇಲೆ ಬಿದ್ದಿದ್ದವು.

“ಸಿಕ್ಕು ಬಿಡಿಸ್ತಿದ್ದೆ,” ಅಂದಳು. ನಮ್ಮಿಬ್ಬರ ಮುಖ ನೋಡಿ ದನಿ ಇಳಿಯಿತು. “ಮೇಡಂ ಬಂದಾಗ ನೀಟಾಗಿರ್ಲಿ ಅಂತ. ಆಗ ಅಮ್ಮನ್ನ ಇಲ್ಲಿಗೆ ಕಳಿಸ್ತಾರಲ್ಲ.”

ನಾನು ಹಂಡೆಯ ಪಕ್ಕ ಕುಳಿತುಬಿಟ್ಟೆ. ನಿರ್ಮಲ ಗಿಡ ನೋಡಿದಳು, ಮಗಳನ್ನು ನೋಡಿದಳು, ಮಗಳ ತಲೆಯಲ್ಲಿ ಹೊನ್ನಾಳಿಗೂ ಜಗಳೂರಿಗೂ ಹೊರಟಿದ್ದ ಎರಡು ಜಡೆಗಳನ್ನು ನೋಡಿದಳು. ಸ್ವಲ್ಪ ಹೊತ್ತು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಏನೋ ತಿಳಿಯಲಿಲ್ಲ. ತಿಳಿಯುವಷ್ಟು ದಿನ ನಾವು ಜೊತೆಗಿರಲಿಲ್ಲ.

“ಕತ್ರಿ ತಗೊಂಬರ್ರಿ,” ಅಂದಳು. “ಬೇರು ಚಲೋ ಐತೆ. ಮೇಲಿಂದು ಉಳಿಯಲ್ಲ.”

ಆಗ ಕಾಂಪೌಂಡಿನ ಮೇಲೆ ಗಾದ್ರಮ್ಮ ಬಂದಳು. ಬಚ್ಚಲಿನ ಬಾಗಿಲು ಅಲ್ಲಿಂದ ನೇರ ಕಾಣುತ್ತಿತ್ತು.

“ಅಯ್ಯ, ಮೇಡಂ ಕೂದ್ಲು ಅಂದ್ರೆ ಈ ಸೊಪ್ಪಾ? ಇದಕ್ಕೆ ನಾನು ಮೂರು ದಿನ ಎಣ್ಣೆ ಕಾಯಿಸಿದ್ನಲ್ಲರೀ.”

“ಊರಿಗೆಲ್ಲ ಹಂಗೇ ಹೇಳಿಬಿಡ್ರಿ ಗಾದ್ರಮ್ಮ. ಸೊಪ್ಪು ಅಂತ,” ಎಂದು ಬೇಡಿಕೊಂಡೆ.

“ಸೊಪ್ಪಿನ ಮಾತು ಸೊಪ್ಪಿಗೆ. ಮೇಡಂ ತಲೆ ಬೋಳಾಗಿದ್ದು ಊರಿಗೆಲ್ಲ ಗೊತ್ತಾಗೈತೆ. ಈಗ ಇಲ್ಲ ಅನ್ನಾಕೆ ಹೆಂಗೆ ಬರ್ತದೆ?” ಎಂದು ಆಕೆ ಕತ್ತರಿಯ ಕಡೆ ಕಣ್ಣು ಹಾಯಿಸಿದಳು. “ಜವಳ ತೆಗೀತೀರಾ? ತೆಗೀರಿ, ತೆಗೀರಿ. ನಮ್ಮ ಮೊಮ್ಮಗಂಗೆ ಉಕ್ಕಡಗಾತ್ರಿಯಾಗೆ ಜವಳ ತೆಗಿಸಿದ ಮ್ಯಾಲೇ ಕೂದ್ಲು ದಟ್ಟ ಬಂದಿದ್ದು. ಪೂರ್ವಕ್ಕೆ ಮುಖ ಮಾಡಿ ಕೂರಿಸ್ರಿ.”

ನಿರ್ಮಲ ಕುಂಡವನ್ನು ಪೂರ್ವಕ್ಕೆ ತಿರುಗಿಸಿ ಒಂದೊಂದೇ ಕಡ್ಡಿಯನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿದಳು. ಎಣ್ಣೆ ಇಳಿದಿದ್ದ ಮೇಲಿನ ಮಣ್ಣನ್ನು ಚಮಚದಿಂದ ತೆಗೆದು ಬೇರೆ ಹಾಕಿದಳು. ಮಧ್ಯಾಹ್ನದ ಬಸ್ಸಿಗೆ ಜಗಳೂರಿಗೆ ಹೊರಟಳು. ಬಾಗಿಲಲ್ಲಿ ದಾಕ್ಷಿ ಅವಳ ಸೆರಗು ಬಿಡಲಿಲ್ಲ. ಬಿಡಿಸುವಾಗ ತುದಿಯಿಂದ ಶುರು ಮಾಡಬೇಕೋ ಬುಡದಿಂದಲೋ ನನಗೆ ತೋಚಲಿಲ್ಲ.

ಮೂರು ವಾರ ನಾನು ಬೋಳು ಮಣ್ಣಿಗೆ ನೀರು ಚುಮುಕಿಸಿದೆ.

ಏಪ್ರಿಲ್ ಮೊದಲ ವಾರ ಶಾಂತಾದೇವಿಯವರು ಬಸ್ಸಿನಿಂದ ಇಳಿದರು. ಮೊಣಕಾಲು ಮುಟ್ಟುವ ಜಡೆ ಹಾಗೇ ಇತ್ತು. ಬಸ್‌ಸ್ಟ್ಯಾಂಡು ಒಂದು ಕ್ಷಣ ಮಾತು ನಿಲ್ಲಿಸಿತು. ಅಂಗಡಿಯ ಬಾಗಿಲಲ್ಲಿದ್ದ ಗೌಸ್‌ಪೀರ್ ಕಣ್ಣಿನಲ್ಲೇ ತೂಕ ಹಾಕಿ, ಇದು ಸಾಧ್ಯವಿಲ್ಲ ಎಂಬಂತೆ ತಲೆಯಾಡಿಸಿದನಂತೆ. ಸಂಜೆ ವಿಚಾರಿಸಿಕೊಳ್ಳಲು ಹೋದ ಹೆಂಗಸರ ಜೊತೆ ಗಾದ್ರಮ್ಮನೂ ಹೋಗಿ, ಜಡೆಯನ್ನು ಕೈಯಲ್ಲಿ ಹಿಡಿದು ನೋಡಿ, “ಚವರಿ ಚಲೋ ಐತೆ ಕಣ್ರೀ. ಗೊತ್ತೇ ಆಗಲ್ಲ. ಮೈಸೂರಾಗೆ ಯಾವ ಅಂಗಡಿ?” ಎಂದು ಕೇಳಿದಳು.

ಅರ್ಧ ಗಂಟೆಯಲ್ಲಿ ಮೇಡಂ, ಹಿಂದೆ ಸಾಹೇಬರು, ಅವರ ಹಿಂದೆ ನನ್ನೇಸಾಬ ನಮ್ಮ ಮನೆಯ ಬಾಗಿಲಲ್ಲಿದ್ದರು.

“ನನ್ನ ಕೂದಲಿನ ವಿಷಯ ಆಮೇಲೆ,” ಅಂದರು ಮೇಡಂ. “ಗಿಡ ತೋರಿಸಿ.”

ನಾಲ್ಕು ಜನ ದೊಡ್ಡವರು ನಮ್ಮ ಬಚ್ಚಲುಮನೆಯಲ್ಲಿ ಹಿಡಿಸುವುದಿಲ್ಲ. ಆದರೂ ಹಿಡಿಸಿದೆವು. ಗೌಸ್‌ಪೀರನ ಒಳ್ಳೆಯ ಕುಂಡ, ಒಳ್ಳೆಯ ಮಣ್ಣು. ಮಣ್ಣಿನ ಮೇಲೆ ಏನೂ ಇಲ್ಲ. ಮೇಡಂ ಕುಂಡವನ್ನೇ ನೋಡುತ್ತ ನಿಂತರು.

“ಎಲ್ಲಿ?”

ಹದಿನಾಲ್ಕು ವರ್ಷದಿಂದ ಬರೆದ ಭಾಷೆಯೇ ಬಾಯಿಗೆ ಬಂತು. “ವರ್ಗ ಆಗಿದೆ ಮೇಡಂ. ಇನ್ನೂ ಹಾಜರಾಗಿಲ್ಲ.”

ನನ್ನೇಸಾಬ ಮಾಡಿನ ಗಾಜಿನ ಹೆಂಚು ನೋಡತೊಡಗಿದ. ಬಾಗಿಲ ಸಂದಿಯಿಂದ ದಾಕ್ಷಿ ಹೇಳಿದಳು: “ಅಪ್ಪಂದು ತಪ್ಪಿಲ್ಲ. ನಾನು ಬಾಚಿದ್ದು.”

ಮೇಡಂ ಅವಳ ಕಡೆ ತಿರುಗಿದರು. ಅಡ್ಡಾದಿಡ್ಡಿ ಹೊರಟಿದ್ದ ಎರಡು ಜಡೆಗಳ ಮೇಲೆ ಅವರ ಕಣ್ಣು ನಿಂತಿತು. ನನ್ನ ಮೃದುವಾದ ಕೈಯ ಬಗ್ಗೆ ಅವರಿಗಿದ್ದ ಅಭಿಪ್ರಾಯ ಬದಲಾದದ್ದು ನನಗೆ ಕಾಣಿಸಿತು.

ಆಗ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಕುಂಡದ ಮೇಲೆ ಬಗ್ಗಿದರು. ಗಾಜಿನ ಹೆಂಚಿನ ಬೆಳಕು ಅವರ ತಲೆಗೆ ಬಿದ್ದು ಅಲ್ಲಿಂದ ಕುಂಡಕ್ಕೆ ಇಳಿಯಿತು. ಹಾಗಾಗಿಯೇ ಕಂಡಿತೋ ಏನೋ. ಮಣ್ಣಿನ ನಡುವೆ, ಸಾಸಿವೆ ಕಾಳಿನಷ್ಟು ತಲೆ ಮುದುರಿಕೊಂಡು, ಕೂದಲೆಳೆಯಂಥ ಒಂದು ಚಿಗುರು.

“ಬರ್ತಾ ಇದೆ,” ಅಂದರು ಸಾಹೇಬರು. ಕಚೇರಿಯಲ್ಲಿ ಎಂದೂ ಕೇಳದ ದನಿ. “ಶಾಂತಾ, ನೋಡು. ಬುಡದಿಂದ ಬರ್ತಾ ಇದೆ. ಇಲ್ಲೊಂದು, ಇಲ್ಲೊಂದು.” ಹೇಳುತ್ತ ಹೇಳುತ್ತ ಅವರ ಎಡಗೈ ತಾನಾಗಿ ತಮ್ಮ ತಲೆಯ ಮೇಲೆ ಹೋಗಿ ಒಂದು ಸಲ ಸವರಿ ಕೆಳಗಿಳಿಯಿತು. “ಏನು ಹಾಕಿದ್ರಿ ವಿರೂಪಾಕ್ಷಪ್ಪ?”

“ಗರಗದ ಸೊಪ್ಪಿನ ಎಣ್ಣೆ ಸಾರ್,” ಅಂದಳು ದಾಕ್ಷಿ, ನನಗಿಂತ ಮೊದಲು.

ಕಚೇರಿಯಲ್ಲಿ ಉಳಿದಿದ್ದ ಸೀಸೆಗಳು ಆ ವಾರ ಸಾಹೇಬರ ಮನೆಯೊಳಕ್ಕೆ ಹೋದವು ಎಂದು ನನ್ನೇಸಾಬ ಹೇಳಿದ. ಕೆಳಗಿನ ಡ್ರಾಯರಿನ ಬೀಗ ತೆರೆಯಿತು. ಸಹಿಯಾಯಿತು. ಅರ್ಜಿ ಮೇಲಕ್ಕೆ ಹೋಯಿತು.

ಮೇ ತಿಂಗಳ ಕೊನೆಗೆ ಆದೇಶ ಬಂತು. ನನ್ನೇಸಾಬ ಲಕೋಟೆ ತಂದು ಕೊಟ್ಟು ಅಲ್ಲೇ ನಿಂತ. ಓದಿದೆ. ‘ಪತಿ ಪತ್ನಿಯರಿಬ್ಬರೂ ಒಂದೇ ಸ್ಥಳದಲ್ಲಿ ಸೇವೆ ಸಲ್ಲಿಸಬೇಕೆಂಬ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಗಣಿಸಿ, ಶ್ರೀ ವಿರೂಪಾಕ್ಷಪ್ಪ ಇವರನ್ನು ಜಗಳೂರಿಗೆ ವರ್ಗಾಯಿಸಲಾಗಿದೆ.’

ಎರಡನೇ ಸಲ ಓದಿದೆ. ಜಗಳೂರು ಜಗಳೂರಾಗಿಯೇ ಇತ್ತು.

“ಒಂದೇ ಸ್ಥಳ ಅಂತ ನೀವೇ ಬರೆದಿದ್ರಿ ಸಾರ್,” ಅಂದ ನನ್ನೇಸಾಬ. “ಯಾವ ಸ್ಥಳ ಅಂತ ಬರೆದಿರಲಿಲ್ಲ.”

ಹನ್ನೊಂದು ಸಲ ತಿದ್ದಿದ್ದೆ.

ಹೊರಡುವ ದಿನ ಮೇಡಂ ಗಿಡದ ಬೇರನ್ನು ಎರಡು ಭಾಗ ಮಾಡಿ, ಒಂದನ್ನು ಗೌಸ್‌ಪೀರನ ಕುಂಡದಲ್ಲೇ ಉಳಿಸಿ ದಾಕ್ಷಿಯ ಕೈಗಿಟ್ಟರು. ಇದಕ್ಕೆ ಬಾಚಣಿಗೆ ಬೇಡ, ನೀರು ಸಾಕು ಎಂದರು. ಎರಡು ಬಸ್ಸಿನಲ್ಲೂ ಕುಂಡ ನನ್ನ ತೊಡೆಯ ಮೇಲಿತ್ತು, ದಾಕ್ಷಿಯ ತಲೆ ನನ್ನ ಹೆಗಲ ಮೇಲಿತ್ತು. ಎರಡನ್ನೂ ಅಲುಗಾಡಿಸಬಾರದಿತ್ತು.

ಜಗಳೂರಿನ ಬಾಡಿಗೆ ಮನೆಯಲ್ಲಿ ಮೊದಲ ಬೆಳಗ್ಗೆ ಎಂದಿನಂತೆ ಐದಕ್ಕೆ ಎಚ್ಚರವಾಯಿತು. ಒಲೆ ಆಗಲೇ ಹೊತ್ತಿತ್ತು. ಏನು ಮಾಡಬೇಕೋ ತಿಳಿಯದೆ ಗಿಡಕ್ಕೆ ನೀರು ಚುಮುಕಿಸಿ ಬಂದೆ. ನಿರ್ಮಲ ಮಗಳನ್ನು ಮುಂದೆ ಕೂರಿಸಿಕೊಂಡು, ನೇರ ಬೈತಲೆ ತೆಗೆದು, ನುಣುಪಾಗಿ, ಒಂದಕ್ಕೊಂದು ಸಮನಾದ ಎರಡು ಜಡೆ ಹಾಕಿದಳು. ಮೂರು ವರ್ಷದ ಸೇವೆ ಮುಗಿಯಿತು ಎಂದುಕೊಂಡು ನಾನು ಗೋಡೆಗೆ ಒರಗಿದೆ.

ದಾಕ್ಷಿ ಕನ್ನಡಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಇದು ನಾನಲ್ಲ,” ಅಂದಳು. “ಒಂದು ಆ ಕಡೆ ಹೋಗ್ಬೇಕು, ಇನ್ನೊಂದು ಈ ಕಡೆ. ಅಪ್ಪ ಹಾಕ್ದಂಗೆ.”

ನಿರ್ಮಲ ಜಡೆ ಬಿಚ್ಚಿ, ಬಾಚಣಿಗೆಯನ್ನು ನನ್ನ ಕಡೆ ಚಾಚಿದಳು.

ಹಾಕಿದೆ. ಒಂದು ಜಡೆ ಊರ ಹೊರಕ್ಕೆ ಹೊರಟಿತು, ಇನ್ನೊಂದು ಚನ್ನಗಿರಿಯ ಕಡೆ. ದಾಕ್ಷಿ ಎಂದಿನ ನಿಟ್ಟುಸಿರು ಬಿಟ್ಟು ಚೀಲ ಹೆಗಲಿಗೇರಿಸಿದಳು. ಈಗ ಅವಳು ಹೈಸ್ಕೂಲು. ಇಲಾಖೆ ನನ್ನನ್ನು ಆಮೇಲೆ ಎರಡು ಸಲ ಬೇರೆ ಬೇರೆ ಮೇಜಿಗೆ ಕೂರಿಸಿತು. ಜಡೆ ಹಾಕುವ ಹುದ್ದೆಯಿಂದ ಮಾತ್ರ ಇನ್ನೂ ಬಿಡುಗಡೆಯಾಗಿಲ್ಲ.